ಅಂಗಿಯ ಬೆನ್ನು

ಟೇಬರ್ ಗ್ರೋವ್, ನೆಬ್ರಾಸ್ಕ
ಮಾರ್ಚ್ 6, 2011

ಎಲ್ಡನ್ ಸೊಬೊಟ್ಕನಿಗೆ,

ನಿನ್ನ ಫೋನು ಬಂದಾಗ ನಾನು ಎತ್ತದೆ ಇರುವುದು ಕಿವಿ ಕೇಳಿಸದೆ ಅಲ್ಲ. ನಿನ್ನ ಜೊತೆ ಮಾತಾಡಲು ಮನಸ್ಸಿಲ್ಲ, ಅಷ್ಟೇ. ಆದರೆ ಒಂದೇ ವಿಮಾನಕ್ಕೆ ಇಬ್ಬರು ಒಡೆಯರಾದ ಮೇಲೆ ಏನಾದರೊಂದು ದಾರಿ ಬೇಕಲ್ಲ. ಅದಕ್ಕೇ ಇದನ್ನು ಬರೆದು, ನಮ್ಮ ಚಾಂಪ್ ವಿಮಾನದ ಮುಂದಿನ ಸೀಟಿನ ಬೆನ್ನಿಗಿರುವ ಜೇಬಿನಲ್ಲಿ ಇಡುತ್ತಿದ್ದೇನೆ. ಉತ್ತರ ಬರೆಯುವುದಾದರೆ ಅಲ್ಲೇ ಇಡು. ಮನೆ ಬಾಗಿಲಿಗೆ ಬರಬೇಡ.

ಲೂಮಿರ್ ಹೋದ ಮೇಲೆ ಎರಡನೆಯ ಚಳಿಗಾಲವೂ ಕಳೆಯಿತು. ವಿಮಾನದಲ್ಲಿ ನನ್ನ ಗಂಡನ ಅರ್ಧ ಪಾಲು ಈಗ ನನ್ನದು. ಅದನ್ನು ನಾನು ಇವತ್ತಲ್ಲ ನಾಳೆ ನಿನಗೇ ಮಾರುತ್ತೇನೆಂದು ಚರ್ಚಿನ ಮೆಟ್ಟಿಲ ಮೇಲೆ ಯಾರಿಗೋ ಹೇಳಿದೆಯಂತೆ. ಮಾರುವುದಿಲ್ಲ. ಹಾರಿಸುತ್ತೇನೆ.

ತಪ್ಪು ಓದಲಿಲ್ಲ ನೀನು. ಹೋದ ಬೇಸಿಗೆಯೆಲ್ಲ ನಾನು ಮಗಳ ಮನೆಗೆ ಹೋಗಿಬರುತ್ತಿದ್ದೇನೆಂದು ಊರು ತಿಳಿದುಕೊಂಡಿತ್ತು. ನಾನು ಹೋಗುತ್ತಿದ್ದದ್ದು ಹ್ಯಾಜೆಲ್ ಕ್ರೀಕ್‌ನ ಏರ್‌ಫೀಲ್ಡಿಗೆ. ಅಲ್ಲಿ ಟ್ವೈಲಾ ರಿಟ್ಟರ್ ಎಂಬ ಹುಡುಗಿ ಕಲಿಸುತ್ತಾಳೆ. ಶಾಲೆಯ ಅಡುಗೆಮನೆಯಲ್ಲಿ ಜೀವಮಾನವೆಲ್ಲ ಆಲೂಗಡ್ಡೆ ಬೇಯಿಸಿದ ಕೈಗೆ ಈಗ ಸ್ಪೋರ್ಟ್ ಪೈಲಟ್ ಲೈಸೆನ್ಸ್ ಬಂದಿದೆ.

ಮಂಗಳವಾರ, ಗುರುವಾರ, ಶನಿವಾರ ವಿಮಾನ ನನ್ನದು. ಉಳಿದ ದಿನ ನಿನ್ನದು. ಎಡಗಡೆಯ ಟೈರಿಗೆ ಗಾಳಿ ಕಡಿಮೆಯಾಗಿತ್ತು, ಹಾಕಿದ್ದೇನೆ. ಸೀಟಿನ ಮೇಲೆ ಚಿಪ್ಸ್ ಪುಡಿ ಚೆಲ್ಲುವುದನ್ನು ನಿಲ್ಲಿಸು.

ಅರ್ಧ ವಿಮಾನದ ಒಡತಿ,
ಲಿಬ್ಬಿ ಹ್ರುಸ್ಕಾ

&nbsp;

ಹ್ಯಾಂಗರ್, ಟೇಬರ್ ಗ್ರೋವ್
ಮಾರ್ಚ್ 9, 2011

ಮಹಾತಾಯಿ ಲಿಬ್ಬಿಗೆ,

ನಿನ್ನ ಕಾಗದ ಓದಿ ರೆಕ್ಕೆಯ ಕಂಬ ಹಿಡಿದುಕೊಂಡು ನಕ್ಕೆ. ಕೋಪ ಮಾಡಿಕೊಳ್ಳಬೇಡ, ಸಂತೋಷಕ್ಕೇ ನಕ್ಕದ್ದು. ನೀನು ಹಾರಿಸುತ್ತೀಯ ಎಂದು ತಿಳಿದಿದ್ದರೆ ನಾನೇ ಕಲಿಸುತ್ತಿದ್ದೆನಲ್ಲ, ಆ ಹುಡುಗಿಯ ಹತ್ತಿರ ಅಷ್ಟು ದೂರ ಯಾಕೆ ಹೋದೆ?

ಆದರೂ ಸ್ಪೋರ್ಟ್ ಯಾಕೆ ಲಿಬ್ಬಿ? ಪ್ರೈವೇಟ್ ಪೈಲಟ್ ಆಗಬೇಕೆಂದು ಬಂದವರಿಗೆ ನಾನು ಹೊರಗೇನೂ ಕಾಣದಂತೆ ಕಣ್ಣಿಗೆ ಮರೆ ಹಾಕಿ, ಬರೀ ಮೀಟರು ನೋಡಿಕೊಂಡು ಹಾರಿಸಲು ಹಚ್ಚುತ್ತಿದ್ದೆ. ಕತ್ತಲಲ್ಲಿ ಇಳಿಸಲು ಕಲಿಸುತ್ತಿದ್ದೆ. ಅದಕ್ಕೆಲ್ಲ ಮೊದಲು ಡಾಕ್ಟರ ಮುಂದೆ ಅಂಗಿ ಬಿಚ್ಚಿ ನಿಲ್ಲಿಸುತ್ತಿದ್ದೆ. ನಿಮ್ಮ ಸ್ಪೋರ್ಟಿಗೆ ಅದರ ಅರ್ಧದಷ್ಟು ಪಾಠ ಸಾಕು. ಮೋಡ ಬೇಡ, ಕತ್ತಲೆ ಬೇಡ, ಡಾಕ್ಟರೂ ಬೇಡ, ಕಾರಿನ ಲೈಸೆನ್ಸ್ ಜೇಬಿನಲ್ಲಿದ್ದರೆ ಆಯಿತು. ಅದಕ್ಕೇ ನಾನು ಅದನ್ನು ಅರ್ಧ ಟಿಕೆಟ್ ಅನ್ನುವುದು. ಬೇಜಾರಾಗಬೇಡ, ಎಲ್ಲರಿಗೂ ಹಾಗೇ ಅನ್ನುತ್ತೇನೆ.

ಅದಿರಲಿ, ಮೊದಲ ಸಲ ಒಬ್ಬಳೇ ಹಾರಿ ಇಳಿದಾಗ ಟ್ವೈಲಾ ನಿನ್ನ ಅಂಗಿಯ ಬೆನ್ನು ಕತ್ತರಿಸಿದಳೋ ಇಲ್ಲವೋ? ನಮ್ಮ ಹ್ಯಾಂಗರಿನ ಗೋಡೆ ನೋಡಿದ್ದೀಯಲ್ಲ, ನಾನು ಕಲಿಸಿದವರೆಲ್ಲರ ಅಂಗಿಯ ಬೆನ್ನೂ ಹೆಸರು ತಾರೀಖಿನ ಸಮೇತ ಅಲ್ಲಿದೆ. ಅರ್ಧ ಟಿಕೆಟ್ಟಿಗೆ ಅರ್ಧ ಅಂಗಿ ಕತ್ತರಿಸುತ್ತಾರೇನೋ ಗೊತ್ತಿಲ್ಲ.

ಚಳಿಗಾಲದಲ್ಲಿ ಲಿಂಕನ್‌ನ ಆಸ್ಪತ್ರೆಯಲ್ಲಿ ನನ್ನ ಹೃದಯಕ್ಕೆ ಸ್ಟೆಂಟ್ ಹಾಕಿದ್ದು ನಿನಗೂ ಗೊತ್ತಿರಬೇಕು. ನೋಡಲು ಬರಲಿಲ್ಲ ನೀನು. ಈಗ ಆರಾಮ. ನಮ್ಮೂರ ಡಾಕ್ಟರು ಟ್ರ್ಯಾಕ್ಟರ್ ಓಡಿಸು, ಏಣಿ ಹತ್ತು, ಏನೂ ಆಗುವುದಿಲ್ಲ ಎಂದಿದ್ದಾರೆ.

ಚಿಪ್ಸ್ ತಿಂದವನು ನಾನಲ್ಲ, ಇಲಿ.

ಹಳೆಯ ಸ್ನೇಹಿತ,
ಎಲ್ಡನ್

&nbsp;

ಟೇಬರ್ ಗ್ರೋವ್
ಮೇ 15, 2011

ಎಲ್ಡನ್,

ನಿನ್ನೆ ಏರ್‌ಫೀಲ್ಡಿನ ಬ್ರೇಕ್‌ಫಾಸ್ಟಿಗೆ ಕೊಲಾಚಿ ಬನ್ನು ಮಾಡಿದವಳು ನಾನು. ಗಸಗಸೆ ಹೂರಣದ್ದನ್ನೇ ಆರಿಸಿ ಆರಿಸಿ ತಿಂದೆ, ನೋಡಿದೆ. ತಿಂದ ಬಾಯಿ ಒರೆಸಿಕೊಂಡು ಮೈಕು ಹಿಡಿದೆ.

ಎಂಜಿನ್ ಅಡಗಿಸಿಕೊಂಡು ಬಂದು ರನ್‌ವೇ ಮೇಲಿನ ಹಿಟ್ಟಿನ ಗೆರೆಗೆ ಚಕ್ರ ಊರುವ ಸ್ಪರ್ಧೆಯಲ್ಲಿ ನಾನು ಎರಡನೆಯವಳಾದೆ. ಮುಂದೆ ಇದ್ದವನು ಹೊಲಗಳಿಗೆ ಔಷಧಿ ಹೊಡೆಯುವ ವಿಮಾನದವನು, ಅವನಿಗೆ ಅದೇ ಹೊಟ್ಟೆಪಾಡು. ನಾನು ಕೆಳಗಿಳಿದು ಕೂದಲು ಸರಿಮಾಡಿಕೊಳ್ಳುತ್ತಿದ್ದೆ. ಊರಿಗೆಲ್ಲ ಕೇಳುವಂತೆ ನೀನು ಅಂದದ್ದು: "ಪರವಾಗಿಲ್ವೇ, ಅರ್ಧ ಟಿಕೆಟ್ ಆದ್ರೂ ಪೂರ್ತಿಯಾಗಿ ಇಳೀತಲ್ಲ." ಜನ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕೊಲಾಚಿಯ ತಟ್ಟೆಗಳನ್ನು ತೊಳೆಯುತ್ತ ಎರಡು ಒಡೆದೆ.

ಅದೇ ಮಾತನ್ನು ನೀನು ಲೂಮಿರ್‌ಗೂ ಹೇಳಿದ್ದೆ. ನಿನ್ನ ಹತ್ತಿರವೇ ಕಲಿಯುತ್ತಿದ್ದ ಅವನು. ಒಬ್ಬನೇ ಹಾರುವಷ್ಟು ಕೈ ಕುದುರಿತ್ತು. ಅವನಿಗೆ ಬೇಕಾಗಿದ್ದದ್ದು ಏನು? ಬೆಳಕಿರುವಾಗ ತನ್ನ ಜೋಳದ ಹೊಲದ ಮೇಲೆ ಒಂದು ಸುತ್ತು. ಅದಕ್ಕೆ ಸ್ಪೋರ್ಟ್ ಸಾಕಾಗಿತ್ತು, ಜೇಬಿನಲ್ಲಿದ್ದ ಕಾರಿನ ಲೈಸೆನ್ಸ್ ಸಾಕಾಗಿತ್ತು. ನೀನು ಬಿಡಲಿಲ್ಲ. "ಮಾಡೋದಾದ್ರೆ ಸರಿಯಾಗಿ ಮಾಡು ಮಾರಾಯ, ಮೊದ್ಲು ಡಾಕ್ಟರಿಗೆ ತೋರಿಸ್ಕೊಂಡು ಬಾ" ಎಂದು ಕಳಿಸಿದೆ. ಹೋದ. ಯಾವ ಕಾಲದಲ್ಲೋ ಹುಲ್ಲಿನ ಪೆಂಡಿ ಕಟ್ಟುವಾಗ ಬಿಸಿಲಿಗೆ ತಲೆಸುತ್ತಿ ಬಿದ್ದಿದ್ದನ್ನೂ ಮುಚ್ಚಿಡದೆ ಹೇಳಿದ. ಕೆಲವು ತಿಂಗಳ ಮೇಲೆ ಆಗುವುದಿಲ್ಲ ಎಂದು ಉತ್ತರ ಬಂತು.

ಡಾಕ್ಟರ ಬಾಗಿಲಿಗೇ ಹೋಗದವನು ಕಾರಿನ ಲೈಸೆನ್ಸ್ ಇಟ್ಟುಕೊಂಡು ಸ್ಪೋರ್ಟ್ ವಿಮಾನ ಹಾರಿಸಬಹುದು. ಹೋಗಿ ಆಗುವುದಿಲ್ಲ ಅನ್ನಿಸಿಕೊಂಡು ಬಂದವನು ಅದನ್ನೂ ಹಾರಿಸುವಂತಿಲ್ಲ. ನಿಯಮ ಹಾಗಿದೆ. ನೀನು ಕಳಿಸದೆ ಇದ್ದಿದ್ದರೆ ಅವನು ಸಾಯುವ ಮೊದಲು ಹಾರಿರುತ್ತಿದ್ದ.

ಕಲಿಸುವವನಾಗಿ ನಿನಗೆ ಆ ನಿಯಮ ಗೊತ್ತಿತ್ತೋ ಇಲ್ಲವೋ? ನನಗೆ ಬೇಕಾಗಿರುವುದು ಒಂದೇ ಮಾತಿನ ಉತ್ತರ.

ಲಿಬ್ಬಿ

&nbsp;

ಹ್ಯಾಂಗರ್
ಮೇ 19, 2011

ಲಿಬ್ಬಿ,

ಮೈಕಿನಲ್ಲಿ ಅಂದದ್ದು ತಮಾಷೆಗೆ. ನಿನ್ನ ಇಳಿತ ಚೆನ್ನಾಗಿತ್ತು, ಅದನ್ನೂ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಯಾರೋ ಮೈಕು ಕಸಿದುಕೊಂಡರು. ತಟ್ಟೆಗಳು ಯಾವ ಬಣ್ಣದವು? ಆರ್ಡಿಸ್‌ಳ ತಟ್ಟೆಗಳು ಒಂದು ಪೆಟ್ಟಿಗೆಯಷ್ಟು ಮೂಲೆಯಲ್ಲಿ ಬಿದ್ದಿವೆ. ಹೆಂಡತಿ ಹೋದ ಮೇಲೆ ನಾನು ಉಣ್ಣುವುದು ಒಂದೇ ತಟ್ಟೆಯಲ್ಲಿ. ತಂದುಕೊಡಲೇ?

ಹಳೆಯದನ್ನೆಲ್ಲ ಕೆದಕಿ ಏನು ಪ್ರಯೋಜನ ಹೇಳು. ಲೂಮಿರ್ ನನಗೆ ಏನಾಗಿದ್ದ ಎನ್ನುವುದು ನಿನಗೆ ಗೊತ್ತು. ಬಾಲದ ಚಕ್ರದ ಸ್ಪ್ರಿಂಗ್ ಸಡಿಲವಾಗಿದೆ, ಈ ವಾರ ನೋಡುತ್ತೇನೆ.

ಎಲ್ಡನ್

&nbsp;

ಟೇಬರ್ ಗ್ರೋವ್
ಜೂನ್ 12, 2011

ಎಲ್ಡನ್,

ಕೇಳಿದ್ದು ತಟ್ಟೆಯಲ್ಲ.

ನೀನು ಉತ್ತರ ಕೊಡುವುದಿಲ್ಲವಾದ್ದರಿಂದ ನಾನು ಟ್ವೈಲಾಳ ಹತ್ತಿರ ಹೋಗಿ ಬೇರೆ ಪ್ರಶ್ನೆ ಕೇಳಿದೆ. ಸ್ಟೆಂಟ್ ಹಾಕಿಸಿಕೊಂಡ ಪ್ರೈವೇಟ್ ಪೈಲಟ್‌ನ ಕತೆ ಏನು ಎಂದೆ. ಹೆಸರು ಹೇಳಲಿಲ್ಲ, ಅವಳೇ ತಿಳಿದುಕೊಂಡಳು. ಸ್ಟೆಂಟ್ ಒಳಗೆ ಹೋದ ದಿನದಿಂದ ನಿನ್ನ ಮೆಡಿಕಲ್ ಸರ್ಟಿಫಿಕೇಟ್ ಬರೀ ಕಾಗದವಂತೆ. ವಸಂತದಿಂದ ನೀನು ಚಾಂಪ್ ಹಾರಿಸುತ್ತಿರುವುದು ಸ್ಪೋರ್ಟ್‌ನವರಿಗೆ ಕೊಟ್ಟ ಸಲಿಗೆಯ ಮೇಲೆ, ನಿನ್ನ ಕಾರಿನ ಲೈಸೆನ್ಸ್ ಮೇಲೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೀಯ. ಮೈಕು ಹಿಡಿದು ನನ್ನನ್ನು ನಗೆಪಾಟಲು ಮಾಡಿದ ದಿನ ಅಲ್ಲಿ ಅರ್ಧ ಟಿಕೆಟ್ ಇಬ್ಬರಿದ್ದೆವು.

ಆಗಸ್ಟ್ ಕೊನೆಗೆ ನಿನ್ನ ಮೆಡಿಕಲ್ ಮುಗಿಯುತ್ತದೆ. ನಿನಗೆ ಎರಡು ದಾರಿ. ಒಂದು, ಅದನ್ನು ಮುಗಿಯಲು ಬಿಡು. ಸೆಪ್ಟೆಂಬರಿನ ಬ್ರೇಕ್‌ಫಾಸ್ಟ್‌ನಲ್ಲಿ ಅದೇ ಮೈಕು ಹಿಡಿದು, ಎಲ್ಡನ್ ಸೊಬೊಟ್ಕ ಇನ್ನು ಮೇಲೆ ಅರ್ಧ ಟಿಕೆಟ್, ಲೂಮಿರ್ ಹ್ರುಸ್ಕಾನಿಗೂ ಇಷ್ಟೇ ಸಾಕಾಗಿತ್ತು ಎಂದು ಹೇಳು. ಹೇಳಿ, ಎಷ್ಟು ಬೇಕೋ ಅಷ್ಟು ಹಾರು. ಇನ್ನೊಂದು, ಲೂಮಿರ್‌ಗೆ ಹೇಳಿದಂತೆ ಸರಿಯಾಗಿ ಮಾಡು. ಡಾಕ್ಟರ ಮುಂದೆ ಅಂಗಿ ಬಿಚ್ಚು. ಸ್ಟೆಂಟ್ ಇದೆ ಎಂದು ಹೇಳು. ಅವರು ಆಗುವುದಿಲ್ಲ ಅನ್ನಲಿ. ಆಮೇಲೆ ಬೇಲಿಯ ಹೊರಗೆ ನಿಂತು ಮೇಲೆ ನೋಡುವುದು ಹೇಗಿರುತ್ತದೆ ಎಂದು ತಿಳಿ.

ಎರಡರಲ್ಲಿ ಯಾವುದಾದರೂ ನನಗೆ ಸರಿ. ಎರಡೂ ಬೇಡ ಎಂದು ಸುಮ್ಮನಿದ್ದರೆ ನಿನ್ನ ಗುಟ್ಟನ್ನು ಮೈಕಿನಲ್ಲಿ ನಾನೇ ಹೇಳುತ್ತೇನೆ.

ಲಿಬ್ಬಿ ಹ್ರುಸ್ಕಾ

&nbsp;

ಹ್ಯಾಂಗರ್
ಜುಲೈ 3, 2011

ಲಿಬ್ಬಿ,

ನೀನು ಇಷ್ಟು ಕೆಟ್ಟವಳೆಂದು ನನಗೆ ಗೊತ್ತಿರಲಿಲ್ಲ. ಲೂಮಿರ್‌ಗೂ ಗೊತ್ತಿರಲಿಲ್ಲ ಅನಿಸುತ್ತದೆ.

ನಾನು ಜೀವನದಲ್ಲಿ ಮಾಡಿದ್ದು ಇದೊಂದೇ ಕೆಲಸ. ಈ ಜಿಲ್ಲೆಯಲ್ಲಿ ಹಾರುವವರಲ್ಲಿ ಅರ್ಧ ಜನರ ಅಂಗಿ ಕತ್ತರಿಸಿದವನು ನಾನು. ಅವರೆಲ್ಲರ ಮುಂದೆ ನಿಂತು ನಾನು ಅರ್ಧ ಟಿಕೆಟ್ ಅನ್ನಬೇಕೇ? ಈ ಜನ್ಮದಲ್ಲಿ ಆಗದು.

ಇನ್ನೊಂದು ಮಾತು. ನೀನು ಆ ನಿಯಮ ನಿಯಮ ಎಂದು ಜಪ ಮಾಡುತ್ತೀಯಲ್ಲ, ಡಾಕ್ಟರಿಗೆ ತೋರಿಸುವುದು ಸುಮ್ಮನೆ ಇಟ್ಟದ್ದಲ್ಲ. ಲೂಮಿರ್ ಒಂದು ಸಲ ತಲೆಸುತ್ತಿ ಬಿದ್ದಿದ್ದ ತಾನೆ? ಮೇಲಿದ್ದಾಗ ಬಿದ್ದಿದ್ದರೆ? ನೀನು ಆಗ ಯಾರ ಕತ್ತು ಹಿಡಿಯುತ್ತಿದ್ದೆ? ನನ್ನದೇ.

ಅರ್ಧ ಪಾಲಿನ ಮಾತನ್ನು ಇನ್ನೊಮ್ಮೆ ಯೋಚಿಸು. ನೀನು ಕೇಳಿದಷ್ಟು ಕೊಡುತ್ತೇನೆ. ನಿನಗೆ ಬೇರೆ ವಿಮಾನ ಸಿಗುತ್ತದೆ. ಒಬ್ಬರ ಮುಖ ಒಬ್ಬರು ನೋಡುವುದೇ ಬೇಡ.

ಎಲ್ಡನ್

&nbsp;

ಟೇಬರ್ ಗ್ರೋವ್
ಜುಲೈ 10, 2011

ಎಲ್ಡನ್,

ಮೇಲಿದ್ದಾಗ ಬಿದ್ದಿದ್ದರೆ ಎಂದು ಕೇಳಿದ್ದೀಯ. ಲೂಮಿರ್ ಬಿದ್ದದ್ದು ಹಾಸಿಗೆಯಲ್ಲಿ, ಹೊಟ್ಟೆಯ ಕ್ಯಾನ್ಸರಿನಿಂದ. ಕೊನೆಯ ದಿನದವರೆಗೂ ಅವನ ತಲೆ ನೆಟ್ಟಗಿತ್ತು. ಒಂದು ದಿನವೂ ತಲೆಸುತ್ತು ಎನ್ನಲಿಲ್ಲ.

ನೀನು ನೋಡಲು ಬರುತ್ತಿದ್ದೆ, ನಿಜ. ಪಕ್ಕದಲ್ಲಿ ಕೂತು ಬೇಸ್‌ಬಾಲ್ ಮಾತಾಡಿ ಹೋಗುತ್ತಿದ್ದೆ. ಅದು ಸಾಲದು ಎಂದು ದಿನಾ ಸಂಜೆ ಚಾಂಪ್ ತಂದು ನಮ್ಮ ಮನೆಯ ಮೇಲೆ ರೆಕ್ಕೆ ಆಡಿಸಿ ಹೋಗುತ್ತಿದ್ದೆ. ಗೆಳೆಯನಿಗೆ ಒಂದು ನಮಸ್ಕಾರ ಎಂದುಕೊಂಡಿರಬೇಕು. ಊರವರು ಕೂಡ ಎಲ್ಡನ್ ಎಂಥ ಸ್ನೇಹಿತ ಎಂದು ನನ್ನ ಕೈ ಹಿಡಿದು ಹೇಳುತ್ತಿದ್ದರು.

ಆ ಎಂಜಿನ್ ಸದ್ದು ಕೇಳಿಸಿದರೆ ಅವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಕಿಟಕಿ ಹಾಕು ಎನ್ನುತ್ತಿದ್ದ. ಒಂದು ದಿನ ಮಾತ್ರ ಹೇಳಿದ, "ನನ್ನ ಅರ್ಧ ಮೇಲೆ ಹೋಗ್ತಿದೆ ನೋಡು ಲಿಬ್ಬಿ, ನಾನಿಲ್ಲೇ ಬಿದ್ದಿದ್ದೀನಿ." ಎಲ್ಡನ್‌ಗೆ ಹೇಳಬೇಡ, ಅವನು ಬೇಜಾರು ಮಾಡಿಕೊಳ್ಳುತ್ತಾನೆ ಎಂದು ನನ್ನಿಂದ ಮಾತು ತೆಗೆದುಕೊಂಡ. ಆ ಮಾತನ್ನು ಇವತ್ತು ಮುರಿದಿದ್ದೇನೆ. ನೀನು ಬೇಜಾರು ಮಾಡಿಕೊಳ್ಳಬೇಕು ಎಂದೇ ಮುರಿದಿದ್ದೇನೆ.

ಪಾಲು ಮಾರುವುದಿಲ್ಲ. ಆಗಸ್ಟ್ ಬರುತ್ತಿದೆ.

ಲಿಬ್ಬಿ

&nbsp;

ಹ್ಯಾಂಗರ್
ಆಗಸ್ಟ್ 20, 2011

ಎಲ್ಡನ್,

ಡಾಕ್ಟರ ಹತ್ತಿರ ಹೋಗಬೇಡ.

ನೀನು ಈಚೆಗೆ ಹಾರಲು ಬರುತ್ತಿಲ್ಲ. ಪೆಟ್ರೋಲ್ ನಾನು ಬಿಟ್ಟಷ್ಟೇ ಇರುತ್ತದೆ, ಬಾಲದ ಹಗ್ಗಕ್ಕೆ ನಾನು ಹಾಕಿದ ಗಂಟು ಹಾಗೇ ಇರುತ್ತದೆ. ನಾನು ಮೇಲೆ ಹೋದಾಗ ಮೆಕ್ಕೆಜೋಳದ ಗೋದಾಮಿನ ಪಕ್ಕ ನಿನ್ನ ಪಿಕಪ್ ನಿಂತಿರುವುದು ಕಾಣುತ್ತದೆ. ಒಳಗೆ ಕೂತು ನೋಡುತ್ತಿರುತ್ತೀಯ. ಮೊದಮೊದಲು ಅದನ್ನು ನೋಡಿ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಎರಡು ಸುತ್ತು ಹೆಚ್ಚಿಗೇ ಹಾಕಿದೆ. ಇವತ್ತು ಖುಷಿಯಾಗಲಿಲ್ಲ.

ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ. ನಿನ್ನನ್ನು ನೆಲಕ್ಕೆ ಕಟ್ಟಿಹಾಕಿದರೆ ಊರು ಅಯ್ಯೋ ಪಾಪ ಅನ್ನುತ್ತದೆ, ಕೊಲಾಚಿ ತಂದುಕೊಡುತ್ತದೆ, ನಾನೂ ತರಬೇಕಾಗುತ್ತದೆ. ನನಗೆ ಅದು ಬೇಡ. ನೀನು ನನ್ನ ಹಾಗೆ ಕಾರಿನ ಲೈಸೆನ್ಸ್ ಇಟ್ಟುಕೊಂಡು, ಮೋಡ ಬಂದರೆ ಮನೆಗೆ ಓಡಿಬಂದು, ಕತ್ತಲಾಗುವ ಮೊದಲು ಇಳಿದು, ಎಲ್ಲರ ಕಣ್ಣೆದುರು ಹಾರುತ್ತಿರಬೇಕು. ಅದನ್ನು ನಾನು ಪ್ರತಿ ವಾರ ನೋಡಬೇಕು. ಮೈಕೂ ಬೇಡ, ಗುಟ್ಟು ಒಡೆಯುವುದೂ ಬೇಡ. ಸುಮ್ಮನೆ ಬಂದು ಹಾರು.

ಇದನ್ನು ಅಂಚೆಗೆ ಹಾಕುವಷ್ಟು ಮೆತ್ತಗಾಗಿಲ್ಲ ನಾನು. ಜೇಬಿನಲ್ಲಿ ಇಡುತ್ತೇನೆ. ಹಾರಲು ಬಂದರೆ ಸಿಗುತ್ತದೆ.

ಲಿಬ್ಬಿ

&nbsp;

ಟೇಬರ್ ಗ್ರೋವ್
ಆಗಸ್ಟ್ 24, 2011

ಲಿಬ್ಬಿ,

ಇದನ್ನು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಜುಲೈ ಕಾಗದ ಓದಿದ ದಿನದಿಂದ ನಾನು ಹ್ಯಾಂಗರಿನ ಒಳಗೆ ಕಾಲಿಟ್ಟಿಲ್ಲ. ಇನ್ನು ಮೇಲೆ ಅಲ್ಲಿ ನನಗೆ ಕೆಲಸವೂ ಇಲ್ಲ.

ಸೋಮವಾರ ಡಾಕ್ಟರ ಹತ್ತಿರ ಹೋಗಿಬಂದೆ. ಅಂಗಿ ಬಿಚ್ಚಿದೆ. ಸ್ಟೆಂಟಿನ ವಿಷಯ ಅವರು ಕೇಳುವ ಮೊದಲೇ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು, "ಯಾಕ್ ಬಂದ್ರಿ ಸೊಬೊಟ್ಕ? ಸುಮ್ನೆ ಮನೇಲಿ ಇದ್ದಿದ್ರೆ ಸ್ಪೋರ್ಟ್‌ನಲ್ಲಿ ಹಾರ್ಕೊಂಡಿರ್ಬಹುದಿತ್ತಲ್ಲ" ಎಂದರು. ಗೊತ್ತು ಎಂದೆ. ಅವರು ಸಹಿ ಹಾಕಲಿಲ್ಲ. ಕಾಗದ ಮೇಲಿನವರಿಗೆ ಹೋಯಿತು, ಅವರ ಉತ್ತರ ಏನೆಂದು ನಮ್ಮಿಬ್ಬರಿಗೂ ಗೊತ್ತು. ಸೋಮವಾರದಿಂದಲೇ ನಾನು ಯಾವ ವಿಮಾನವನ್ನೂ ಹಾರಿಸುವಂತಿಲ್ಲ.

ನೀನು ಹೆದರಿಸಿದ್ದಕ್ಕೆ ಹೋದೆ ಎಂದು ಬೀಗಬೇಡ. ಮೈಕಿನ ಮಾತಿಗೆ ಅಂಜಿಯೂ ಅಲ್ಲ. ಕೊನೆಗೆ ಅದನ್ನೂ ಹೇಳಿಬಿಡುತ್ತಿದ್ದೆನೇನೋ. ಲೂಮಿರ್‌ಗೆ ನಾನು ಮುಚ್ಚಿದ ಬಾಗಿಲಿನಲ್ಲಿ ನಾನೇ ನುಸುಳಿಕೊಂಡು ಹಾರುವುದು ಆ ರೆಕ್ಕೆಯ ಮಾತು ಓದಿದ ಮೇಲೆ ನನ್ನಿಂದಾಗಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ಗೊತ್ತಿರಲಿಲ್ಲ. ಪ್ರೈವೇಟ್‌ನವರ ಪರೀಕ್ಷೆಯ ಪುಸ್ತಕ ನನಗೆ ಬಾಯಿಪಾಠ. ಸ್ಪೋರ್ಟ್‌ನವರದು ಬಂದು ನಾಲ್ಕು ವರ್ಷವಾಗಿತ್ತು, ನಾನು ಬಿಡಿಸಿಯೇ ನೋಡಿರಲಿಲ್ಲ. ಅದನ್ನು ಓದುವುದು ನನ್ನ ಘನತೆಗೆ ಕಡಿಮೆ ಎಂದುಕೊಂಡಿದ್ದೆ. ಲೂಮಿರ್‌ಗೆ ಆಗುವುದಿಲ್ಲ ಎಂದು ಬಂದ ಮರುದಿನ ಕೂತು ಓದಿದೆ. ಎರಡನೆಯ ಪುಟದಲ್ಲೇ ಇತ್ತು.

ಎಲ್ಡನ್

&nbsp;

ಟೇಬರ್ ಗ್ರೋವ್
ಅಕ್ಟೋಬರ್ 30, 2011

ಎಲ್ಡನ್,

ಮೇಲಿನವರ ಉತ್ತರ ಬಂತೆಂದು ಅಂಚೆಯವಳು ಹೇಳಿದಳು. ನಿನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತಂತೆ.

ನಿನ್ನ ಆಗಸ್ಟ್ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ಬೈಗುಳ ಸಾಲದೆ. ನೀನು ಗೊತ್ತಿದ್ದೂ ಮಾಡಿದ್ದೀಯ, ಲೂಮಿರ್ ನಿನ್ನ ಸಮ ಹಾರುವುದು ನಿನಗೆ ಬೇಕಿರಲಿಲ್ಲ ಎಂದು ನಾನು ನಂಬಿದ್ದೆ. ಆ ನಂಬಿಕೆಯ ಮೇಲೇ ಎದ್ದು ಓಡಾಡಿದೆ, ಹಾರಲು ಕಲಿತೆ. ಈಗ ನೋಡಿದರೆ ನನಗೆ ಶತ್ರುವೂ ಇರಲಿಲ್ಲ, ಒಬ್ಬ ಸೋಮಾರಿ ಇದ್ದ. ನನ್ನ ಗಂಡ ಹಾರದೆ ಸತ್ತದ್ದು ನೀನು ಒಂದು ಪುಟ ತಿರುಗಿಸದೆ ಇದ್ದದ್ದಕ್ಕೆ. ನೀನು ದ್ವೇಷ ಮಾಡಿದ್ದಿದ್ದರೇ ಚೆನ್ನಾಗಿತ್ತು.

ಶನಿವಾರ ಬೆಳಿಗ್ಗೆ ಬಾ. ನಿನ್ನನ್ನು ಮೇಲೆ ಕರೆದುಕೊಂಡು ಹೋಗುತ್ತೇನೆ. ಸ್ಪೋರ್ಟ್ ಪೈಲಟ್ ಒಬ್ಬ ಪ್ರಯಾಣಿಕನನ್ನು ಕೂರಿಸಿಕೊಳ್ಳಬಹುದು, ಅದೂ ಆ ಪುಸ್ತಕದಲ್ಲೇ ಇದೆ. ನೀನು ಹಿಂದಿನ ಸೀಟಿನಲ್ಲಿ ಕೂರಬೇಕು. ಸ್ಟಿಕ್ ಮುಟ್ಟಬಾರದು, ಪೆಡಲಿಗೆ ಕಾಲು ಹಚ್ಚಬಾರದು, ಬಾಯಿ ಬಿಡಬಾರದು. ಇದು ಸ್ನೇಹವಲ್ಲ.

ಲಿಬ್ಬಿ

&nbsp;

ಟೇಬರ್ ಗ್ರೋವ್
ನವೆಂಬರ್ 7, 2011

ಲಿಬ್ಬಿ,

ಶನಿವಾರದಿಂದ ಬೆನ್ನು ಹಿಡಿದುಕೊಂಡಿದೆ. ಆ ಚಳಿಯಲ್ಲಿ ಅಂಗಿಯ ಬೆನ್ನಿಲ್ಲದೆ ಪಿಕಪ್‌ವರೆಗೆ ನಡೆದರೆ ಇನ್ನೇನಾಗುತ್ತದೆ.

ನಿನ್ನ ಮಾತು ಮೀರಿದ್ದು ಒಂದೇ ಸಲ. ನೆಲ ಬಿಟ್ಟ ಕೂಡಲೇ ನನ್ನ ಕಾಲು ತಾನಾಗಿ ಪೆಡಲಿಗೆ ಹೋಯಿತು. ನೀನು ಹಿಂದೆ ತಿರುಗದೆಯೇ "ಕಾಲು ತೆಗಿ" ಎಂದು ಕೂಗಿದೆ. ತೆಗೆದೆ. ಆ ಸೀಟಿನಲ್ಲಿ ಕೂತು ನಾನು ಎಷ್ಟು ಜನರಿಗೆ ಹಾಗೆ ಕೂಗಿದ್ದೆನೋ.

ಕೈ ಕಾಲು ಸುಮ್ಮನಿಟ್ಟುಕೊಂಡವನಿಗೆ ನೋಡಲು ಇರುವುದು ಮುಂದಿನ ಸೀಟಿನ ಬೆನ್ನೊಂದೇ. ಜೇಬಿನಲ್ಲಿ ಲಕೋಟೆ ಇತ್ತು, ಮೇಲೆ ನನ್ನ ಹೆಸರು. ನದಿ ದಾಟುವಾಗ ಓದಿದೆ. ಎರಡು ಸಲ ಓದಿ ತಾರೀಖು ನೋಡಿದೆ. ನಾನು ಡಾಕ್ಟರ ಹತ್ತಿರ ಹೋಗಿದ್ದು ಅದಾದ ಮೇಲೆ. ಒಂದೇ ಒಂದು ದಿನ ಹಾರಲು ಬಂದಿದ್ದರೆ ಸಾಕಾಗಿತ್ತು.

ಕೆಳಗೆ ನಮ್ಮ ಊರು, ಲೂಮಿರ್‌ನ ಹೊಲ, ನಿನ್ನ ಮನೆಯ ಕಿಟಕಿ ಎಲ್ಲ ಕಾಣುತ್ತಿದ್ದವು. ಆ ಎಂಜಿನ್ ಸದ್ದಿನಲ್ಲಿ ಹಿಂದಿನವನು ಮುಂದಿನವನಿಗೆ ಏನಾದರೂ ಹೇಳಬೇಕಾದರೆ ಅಂಗಿ ಹಿಡಿದು ಎಳೆಯುತ್ತಾನೆ. ಹಳೆಯ ಕಾಲದಿಂದ ಹಾಗೆ. ಇನ್ನು ಎಳೆಯುವ ಅಗತ್ಯವಿಲ್ಲ ಎನ್ನುವುದಕ್ಕೇ ಒಬ್ಬನೇ ಹಾರಿ ಬಂದವನ ಅಂಗಿ ಕತ್ತರಿಸುವುದು. ನಾನು ನಿನ್ನ ಅಂಗಿ ಹಿಡಿದು ಎಳೆದೆ. ನೀನು ತಿರುಗಲಿಲ್ಲ. ತಿರುಗಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ.

ಇಳಿಸುವಾಗ ನೀನು ವಿಮಾನವನ್ನು ಎರಡು ಸಲ ಪುಟಿಸಿದೆ. ನಾನು ಬಾಯಿ ಬಿಡಲಿಲ್ಲ ಎನ್ನುವುದನ್ನು ನೆನಪಿಟ್ಟುಕೋ.

ಆಮೇಲೆ ನೀನು ಎಲ್ಲರ ಮುಂದೆ "ತಿರುಗು" ಎಂದು ಕತ್ತರಿ ತೆಗೆದೆ. ನಾನು ತಿರುಗಿ ಬೆನ್ನು ಕೊಟ್ಟೆ. ಆರ್ಡಿಸ್ ಕೊನೆಯ ಕ್ರಿಸ್‌ಮಸ್‌ಗೆ ಕೊಟ್ಟ ಅಂಗಿ ಅದು, ನಿನ್ನ ವಿಮಾನಕ್ಕೆ ಬರುವಾಗ ಒಳ್ಳೆಯದಿರಲಿ ಎಂದು ಹಾಕಿಕೊಂಡಿದ್ದೆ. ಹಾಳಾಯಿತು. ನನ್ನ ಹೆಸರು ಬರೆದು ಅಣಕಿಸುತ್ತೀಯ ಎಂದುಕೊಂಡಿದ್ದೆ. ಬಟ್ಟೆಯ ಮೇಲೆ ನೀನು ಬರೆದದ್ದು ಲೂಮಿರ್ ಹ್ರುಸ್ಕಾ, ಏಪ್ರಿಲ್ 12, 2008. ಬರೆದು, ಏಣಿ ಹತ್ತಿ, ಗೋಡೆಯ ನಡುಮಧ್ಯ ಮೊಳೆ ಹೊಡೆದೆ. ಯಾರೂ ನಗಲಿಲ್ಲ.

ಆ ತಾರೀಖು ನಿನಗೆ ಹೇಗೆ ನೆನಪಿದೆ? ಅವತ್ತು ಗಾಳಿ ಇರಲಿಲ್ಲ. ಅವನು ಮೂರು ಸಲ ಚೆನ್ನಾಗಿ ಇಳಿಸಿದ. ನಾನು ಬಾಗಿಲು ತೆಗೆದು ಕೆಳಗಿಳಿದು, ಹೋಗು ಒಬ್ಬನೇ ಹೋಗಿ ಬಾ ಅನ್ನಬೇಕಾಗಿದ್ದ ದಿನ ಅದು. ಇಳಿದೆ. ಆದರೆ ಡಾಕ್ಟರ ಮಾತು ಹೇಳಿದೆ. ಅವನು ಎಂಜಿನ್ ಆರಿಸಿದ. ಅಲ್ಲಿ ನಾವಿಬ್ಬರೇ ಇದ್ದೆವು.

ಎಲ್ಡನ್

&nbsp;

ಟೇಬರ್ ಗ್ರೋವ್
ನವೆಂಬರ್ 9, 2011

ಎಲ್ಡನ್,

ಆ ಲಕೋಟೆಯನ್ನು ನಾನು ತೆಗೆದುಬಿಡಬಹುದಿತ್ತು. ಆಗಸ್ಟಿನಿಂದ ಎಷ್ಟೋ ಸಲ ಕೈ ಹಾಕಿದೆ. ನಿನಗೆ ಸಿಗಲಿ, ಮೇಲಿದ್ದಾಗಲೇ ಸಿಗಲಿ ಎಂದು ಬಿಟ್ಟೆ. ನೀನು ಅಂಗಿ ಎಳೆದದ್ದು ಗೊತ್ತಾಯಿತು. ನನಗೆ ಮುಂದೆ ಏನೂ ಕಾಣಿಸುತ್ತಿರಲಿಲ್ಲ. ಪುಟಿಸಿದ್ದು ಅದಕ್ಕೆ, ಕೈ ಬರದೆ ಅಲ್ಲ.

ಇದರಿಂದ ನನಗೆ ಸಮಾಧಾನವಾಯಿತೇ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ, ಒಂದು ದಿನದ ಮಟ್ಟಿಗೆ ಆಯಿತು. ಭಾನುವಾರ ಎದ್ದಾಗ ಇರಲಿಲ್ಲ.

ಶನಿವಾರಗಳಲ್ಲಿ ಬೆಳಿಗ್ಗೆ ಗಾಳಿ ಕಡಿಮೆ. ಬರುವುದಾದರೆ ಹಿಂದಿನ ಸೀಟು ಇದೆ. ಕಾಲಿನ ಮಾತು ಹಾಗೇ ಇದೆ. ದಪ್ಪ ಕೋಟು ಹಾಕಿಕೊಂಡು ಬಾ.

ತಾರೀಖು ಹೇಗೆ ನೆನಪಿದೆ ಎಂದು ಕೇಳಿದ್ದೀಯ. ಅವತ್ತು ಬೆಳಿಗ್ಗೆ ಲೂಮಿರ್ ಬೀರುವಿನಿಂದ ನೀಲಿ ಗೀರಿನ ಅಂಗಿ ತೆಗೆದ. ಅದು ಒಳ್ಳೆಯದು, ಹಳೆಯದು ಹಾಕಿಕೊಂಡು ಹೋಗು ಎಂದೆ. "ಇವತ್ತು ಎಲ್ಡನ್ ಕತ್ತರಿಸ್ತಾನೆ ಕಣೇ, ಗೋಡೆ ಮೇಲೆ ಒಳ್ಳೇದೇ ಇರ್ಲಿ" ಎಂದ. ಮಧ್ಯಾಹ್ನ ಬಂದು ಬೆನ್ನು ತಿರುಗಿಸಿಕೊಂಡೇ ಕೈ ತೊಳೆಯುತ್ತಿದ್ದ. ಅಂಗಿ ಪೂರ್ತಿ ಇತ್ತು.

ನಿನ್ನ ಅಂಗಿ ಹಾಳಾಯಿತೆಂದು ಬರೆದಿದ್ದೀಯ. ಅವನ ಅಂಗಿ ಹಾಳಾಗಲಿಲ್ಲ. ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದೆ. ಅದನ್ನೇ ತೊಡಿಸಿ ಅವನನ್ನು ಮಣ್ಣು ಮಾಡಿದೆ.

ಲಿಬ್ಬಿ